ವಿಂಡೋಸ್ 11 ಆಗಲ್ಲ ಅಂದ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಸಬಹುದೇ?

ಪ್ರಶ್ನೆ: ನಾನು ಶಿರಸಿಯವಳು, ಹೈಸ್ಕೂಲ್ ಟೀಚರ್ ಆಗಿ ನಿವೃತ್ತಳಾಗಿದ್ದೇನೆ. 2017ರಲ್ಲಿ ತೆಗೆದುಕೊಂಡ ಲ್ಯಾಪ್‌ಟಾಪ್ ಇದೆ. ಐ3-6006ಯು ಪ್ರೊಸೆಸರ್, 4 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಮಾಡಿ ಚಹಾ ಮಾಡಿಕೊಂಡು ಬಂದರೂ ಇನ್ನೂ ತಿರುಗುತ್ತಲೇ ಇರುತ್ತದೆ. ಈಗ ವಿಂಡೋಸ್ 10ರ ಕಾಲ ಮುಗಿಯಿತು, 11ಕ್ಕೆ ಈ ಯಂತ್ರ ಆಗುವುದಿಲ್ಲ ಎಂದು ತೋರಿಸುತ್ತಿದೆ. ಅಂಗಡಿಯವರು "ಹೊಸದು ತಗೊಳ್ಳಿ, ಇಲ್ಲಾಂದ್ರೆ ಇದಕ್ಕೇ ಹೇಗಾದರೂ 11 ಹಾಕಿಕೊಡ್ತೇನೆ" ಅನ್ನುತ್ತಾರೆ. ಬೆಂಗಳೂರಿನಲ್ಲಿರುವ ತಮ್ಮನ ಮಗ "ಅತ್ತೆ, ಲಿನಕ್ಸ್ ಹಾಕು, ವೈರಸ್ಸೇ ಬರಲ್ಲ, ಸ್ಪೀಡೂ ಡಬಲ್ ಆಗತ್ತೆ" ಅನ್ನುತ್ತಾನೆ. ನನ್ನ ಕೆಲಸ ಹೆಚ್ಚೇನಿಲ್ಲ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಹದಿನೈದು ವರ್ಷದ ಬರಹಗಳು, ಬ್ಯಾಂಕಿನ ವ್ಯವಹಾರ, ಯೂಟ್ಯೂಬ್, ಮಗಳ ಜೊತೆ ವಿಡಿಯೊ ಕಾಲ್, ಒಂದು ಪ್ರಿಂಟರ್. ತಿಂಗಳ ಕೊನೆಗೆ ಮಗ ಇದರಲ್ಲೇ ಅಡಿಕೆ ವ್ಯಾಪಾರದ ಲೆಕ್ಕ ಟ್ಯಾಲಿಯಲ್ಲಿ ಬರೆಯುತ್ತಾನೆ. ಎರಡರಲ್ಲಿ ಯಾವುದು ಒಳ್ಳೆಯದು? ನನ್ನ ನುಡಿ ಫೈಲುಗಳು ಹಾಳಾಗುತ್ತವೆಯೇ?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ನಾಲ್ಕು ಚಿಂತೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಯಂತ್ರ ನಿಧಾನ, ಬ್ಯಾಂಕಿನ ಭಯ, ನುಡಿ ಫೈಲು, ಮಗನ ಟ್ಯಾಲಿ. ಇವುಗಳಲ್ಲಿ ಓಎಸ್, ಅಂದರೆ ಯಂತ್ರವನ್ನು ನಡೆಸುವ ವಿಂಡೋಸ್, ಲಿನಕ್ಸಿನಂಥ ಮೂಲ ತಂತ್ರಾಂಶ, ಬದಲಾಯಿಸಿದರೆ ಪೂರ್ತಿ ಪರಿಹಾರ ಆಗುವುದು ಒಂದೇ ಒಂದು. ಅದಕ್ಕೇ "ಯಾವುದು ಒಳ್ಳೆಯದು" ಅನ್ನುವ ಪ್ರಶ್ನೆಗೆ ಆಮೇಲೆ ಬರೋಣ.

ಮೊದಲು ಗಾಬರಿ ಕಡಿಮೆ ಮಾಡುತ್ತೇನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಾಗಂತ ಲ್ಯಾಪ್‌ಟಾಪ್ ಆನ್ ಆಗದೆ ಕೂರುವುದಿಲ್ಲ, ಫೈಲುಗಳು ಮಾಯವಾಗುವುದಿಲ್ಲ. ನಿಂತಿದ್ದು ತಿಂಗಳು ತಿಂಗಳು ಬರುತ್ತಿದ್ದ ಭದ್ರತೆಯ ಅಪ್‌ಡೇಟ್. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಎಂಬ ಆಂಟಿವೈರಸ್‌ಗೆ ಹೊಸ ವೈರಸ್‌ಗಳ ಗುರುತು 2028ರ ಅಕ್ಟೋಬರ್‌ವರೆಗೆ ಬರುತ್ತಲೇ ಇರುತ್ತದೆ. ಆದರೆ ಅದು ಠಾಣೆಯಲ್ಲಿ ಅಂಟಿಸುವ ಕಳ್ಳರ ಫೋಟೊ ಇದ್ದ ಹಾಗೆ. ಮನೆಯ ಚಿಲಕ ಮುರಿದಿದ್ದರೆ ಫೋಟೊ ನೋಡಿ ಏನು ಮಾಡುವುದು? ಚಿಲಕ ರಿಪೇರಿ ಮಾಡುತ್ತಿದ್ದುದು ಆ ತಿಂಗಳ ಅಪ್‌ಡೇಟ್.

ಅದನ್ನೂ ಇನ್ನಷ್ಟು ದಿನ ಪಡೆಯಲು ದಾರಿಯಿದೆ, ಅಂಗಡಿಯವರು ಇದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಮನೆ ಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಸಿಗುತ್ತದೆ. ನಿಮ್ಮದು ವಿಂಡೋಸ್ 10ರ ಕೊನೆಯ ಆವೃತ್ತಿ, ಅಂದರೆ 22ಎಚ್2 ಆಗಿರಬೇಕು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿಕೊಂಡರೆ ದುಡ್ಡು ಕೊಡಬೇಕಿಲ್ಲ. ಸೆಟ್ಟಿಂಗ್ಸ್ ಒಳಗೆ ವಿಂಡೋಸ್ ಅಪ್‌ಡೇಟ್ ತೆರೆದರೆ ಅಲ್ಲೇ ಸೇರಿಕೊಳ್ಳುವ ಲಿಂಕ್ ಕಾಣುತ್ತದೆ. ಇದನ್ನು ಇವತ್ತೇ ಮಾಡಿ. ಮುಂದೆ ಯಾವ ದಾರಿ ಹಿಡಿದರೂ ಯೋಚನೆ ಮಾಡಲು ಪುರುಸೊತ್ತು ಸಿಗುತ್ತದೆ.

ಇನ್ನು ನಿಮ್ಮ ಯಂತ್ರಕ್ಕೆ 11 ಯಾಕೆ ಆಗಲ್ಲ? ಐ3 ಪಕ್ಕದ 6006 ಅನ್ನುವ ಸಂಖ್ಯೆಯ ಮೊದಲ ಅಂಕಿ ನೋಡಿ, ಆರು. ಅದು ಆರನೇ ತಲೆಮಾರಿನ ಪ್ರೊಸೆಸರ್. ಇಂಟೆಲ್‌ನಲ್ಲಿ ಕೆಲವೇ ಅಪವಾದ ಬಿಟ್ಟರೆ ಎಂಟನೇ ತಲೆಮಾರಿನಿಂದ ಈಚಿನವು ಮಾತ್ರ ವಿಂಡೋಸ್ 11ರ ಪಟ್ಟಿಯಲ್ಲಿವೆ. ಟಿಪಿಎಂ 2.0 ಎಂಬ, ಕೀಲಿಗಳನ್ನು ಜೋಪಾನ ಮಾಡುವ ಪುಟ್ಟ ತಿಜೋರಿಯೂ ಬೇಕು. ಅದು ನಿಮ್ಮದರಲ್ಲಿ ಇದ್ದರೂ ಇರಬಹುದು, ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗಿಂತ ಮೊದಲು ತೆರೆಯುವ ಯಂತ್ರದ ಮೂಲ ಸೆಟ್ಟಿಂಗಿನಲ್ಲಿ, ಆಫ್ ಆಗಿರಬಹುದು. ಆದರೆ ಪ್ರೊಸೆಸರ್ ಪಟ್ಟಿಯಲ್ಲೇ ಇಲ್ಲದ ಮೇಲೆ ಅದನ್ನು ಆನ್ ಮಾಡಿಯೂ ಪ್ರಯೋಜನವಿಲ್ಲ.

ಅಂಗಡಿಯವರು "ಹೇಗಾದರೂ ಹಾಕಿಕೊಡ್ತೇನೆ" ಅಂದಿದ್ದು ಸುಳ್ಳಲ್ಲ. ಆ ತಪಾಸಣೆಯನ್ನು ದಾಟಿಸಿ ಹಾಕಲು ಬರುತ್ತದೆ, ಓಡುತ್ತದೆ ಕೂಡ. ಮೈಕ್ರೋಸಾಫ್ಟ್ ಮಾತ್ರ ಇಂಥ ಯಂತ್ರಗಳಿಗೆ ಅಪ್‌ಡೇಟಿನ ಭರವಸೆ ಕೊಡುವುದಿಲ್ಲ. ತಿಂಗಳ ಅಪ್‌ಡೇಟ್ ಸಾಮಾನ್ಯವಾಗಿ ಬರುತ್ತದೆ, ವರ್ಷಕ್ಕೊಮ್ಮೆಯ ದೊಡ್ಡ ಆವೃತ್ತಿ ತಾನಾಗಿ ಬರುವುದಿಲ್ಲ. ಹೋಮ್ ಆವೃತ್ತಿ ಒಂದೊಂದಕ್ಕೂ 24 ತಿಂಗಳ ಆಯಸ್ಸು. ಎರಡು ವರ್ಷ ಬಿಟ್ಟು ಮತ್ತೆ ಅದೇ ಅಂಗಡಿ, ಅದೇ ಮಾತು. 4 ಜಿಬಿ ರ್‍ಯಾಮಿನಲ್ಲಿ 11 ತೆವಳುತ್ತದೆ ಅನ್ನುವುದು ಬೇರೆ.

ನನಗೆ ಇದಕ್ಕಿಂತ ಜಾಸ್ತಿ ಭಯ ಇರುವುದು ಎರಡು ಕಡೆ. ಒಂದು, 'ಆಕ್ಟಿವೇಟರ್', ಅಂದರೆ ಲೈಸೆನ್ಸ್ ಇಲ್ಲದ ವಿಂಡೋಸನ್ನು ಅಸಲಿ ಎಂದು ನಂಬಿಸುವ ಕಳ್ಳ ಪ್ರೋಗ್ರಾಂ. ನಿಮ್ಮ ವಿಂಡೋಸ್ 10 ಅಸಲಿಯಾಗಿದ್ದರೆ 11ಕ್ಕೆ ಬೇರೆ ಲೈಸೆನ್ಸ್ ಬೇಕಿಲ್ಲ, ಅದೇ ನಡೆಯುತ್ತದೆ. ಆದರೂ ಯಾವುದೋ ಪೆನ್‌ಡ್ರೈವ್‌ನಿಂದ ಆಕ್ಟಿವೇಟರ್ ಓಡಿಸಬೇಕು, ಅದಕ್ಕೆ ಒಂದು ಗಳಿಗೆ ಆಂಟಿವೈರಸ್ ಆಫ್ ಮಾಡಬೇಕು ಅಂದರೆ ಲ್ಯಾಪ್‌ಟಾಪ್ ಎತ್ತಿಕೊಂಡು ಬನ್ನಿ. ಬ್ಯಾಂಕಿನ ಪಾಸ್‌ವರ್ಡ್ ಟೈಪ್ ಮಾಡುವ ಯಂತ್ರ ಅದು. ಎರಡು, "ಡಿ ಡ್ರೈವ್ ಮುಟ್ಟಲ್ಲ ಬಿಡಿ" ಅನ್ನುವ ಅಭಯ. ನಿಮ್ಮ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡೂ ಇರುವುದು ಸಿ ಡ್ರೈವ್‌ನಲ್ಲಿ. ಫಾರ್ಮ್ಯಾಟ್ ಆಗುವುದೂ ಅದೇ. ಡೆಸ್ಕ್‌ಟಾಪಿನ ಮೇಲೆ ಇಟ್ಟಿದ್ದ ಮದುವೆ ಫೋಟೊ ಹೋಯಿತು ಎಂದು ಅಳುತ್ತಾ ಬಂದವರನ್ನು ಇಪ್ಪತ್ತು ವರ್ಷದ ರಿಪೇರಿ ಕೆಲಸದಲ್ಲಿ ನಾನು ಎಷ್ಟೋ ಸಲ ನೋಡಿದ್ದೇನೆ.

ಈಗ ನಿಮ್ಮ ತಮ್ಮನ ಮಗನ ಮಾತಿಗೆ ಬರೋಣ. ಹುಡುಗ ಹೇಳಿದ್ದರಲ್ಲಿ ಅರ್ಧ ಸರಿ.

ವೈರಸ್ ಬರಲ್ಲ ಅನ್ನುವುದು ಪೂರ್ತಿ ನಿಜವಲ್ಲ. ವಿಂಡೋಸ್‌ಗೆಂದು ಬರೆದ ಕೆಟ್ಟ ಪ್ರೋಗ್ರಾಂ ಲಿನಕ್ಸ್‌ನಲ್ಲಿ ಹಾಗೆಯೇ ಓಡುವುದಿಲ್ಲ, ಮನೆ ಬಳಕೆಯ ಲಿನಕ್ಸ್ ಕಂಪ್ಯೂಟರ್ ಕಡಿಮೆ ಇರುವುದರಿಂದ ಕಳ್ಳರಿಗೂ ಅದರ ಮೇಲೆ ಅಷ್ಟು ಆಸಕ್ತಿಯಿಲ್ಲ. ಸಾಫ್ಟ್‌ವೇರ್‌ಗಳೂ ಎಲ್ಲೆಲ್ಲಿಂದಲೋ ಬರದೆ ಬಹುಪಾಲು ಒಂದೇ ನಂಬಿಕಸ್ಥ ಉಗ್ರಾಣದಿಂದ ಬರುತ್ತವೆ. ಇದು ನಿಜವಾದ ಲಾಭ. ಆದರೆ ಎಕ್ಸ್‌ಜೆಡ್ ಎಂಬ ಸಣ್ಣ ಲಿನಕ್ಸ್ ಸಲಕರಣೆಯೊಳಗೆ ಯಾರೋ ಬೇಕೆಂದೇ ಹಿಂಬಾಗಿಲು ಇಟ್ಟಿದ್ದು 2024ರ ಮಾರ್ಚಿನಲ್ಲಿ ಸಿಕ್ಕಿಬಿತ್ತು, ಎಲ್ಲ ಕಡೆ ಹರಡುವ ಮೊದಲೇ ತಡೆದರು. ಅಷ್ಟು ದೂರ ಯಾಕೆ, ಫೋನ್ ಮಾಡಿದವನಿಗೆ ಓಟಿಪಿ ಹೇಳಿಬಿಟ್ಟರೆ ಯಾವ ಓಎಸ್ ತಾನೇ ಏನು ಮಾಡೀತು?

ಸ್ಪೀಡ್ ಡಬಲ್ ಅನ್ನುವುದಂತೂ ನಿಮ್ಮ ವಿಷಯದಲ್ಲಿ ತಪ್ಪು ರೋಗಕ್ಕೆ ಮದ್ದು. ನಿಮ್ಮ ಲ್ಯಾಪ್‌ಟಾಪ್ ನಿಧಾನ ಆಗಿರುವುದು ಬಹುಮಟ್ಟಿಗೆ ಹಾರ್ಡ್ ಡಿಸ್ಕಿನಿಂದ. ಅದರೊಳಗೆ ನಿಮಿಷಕ್ಕೆ 5,400 ಸುತ್ತು ತಿರುಗುವ ತಟ್ಟೆಯಿದೆ. ಗ್ರಾಮಫೋನಿನ ಮುಳ್ಳಿನಂಥ ಒಂದು ಕೈ ಅದರ ಮೇಲೆ ಓಡಾಡಿ ಬೇಕಾದ್ದನ್ನು ಹುಡುಕುತ್ತದೆ. ಅಲ್ಲೊಂದು ಇಲ್ಲೊಂದು ಚೂರು ಬೇಕೆಂದರೆ ಸೆಕೆಂಡಿಗೆ ನೂರರ ಆಸುಪಾಸು ಹುಡುಕೀತು ಅಷ್ಟೆ. ಹಾರ್ಡ್ ಡಿಸ್ಕಿನ ಬದಲು ಹಾಕುವ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ, ಅದು ಅಷ್ಟೇ ಹೊತ್ತಿನಲ್ಲಿ ಹತ್ತಾರು ಸಾವಿರ ಹುಡುಕುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಆನ್ ಮಾಡಿದ ಮೊದಲ ಹತ್ತು ನಿಮಿಷ 'ಡಿಸ್ಕ್' ಅನ್ನುವ ಕಡೆ 100 ಪರ್ಸೆಂಟ್ ತೋರಿಸುತ್ತಿದ್ದರೆ ಗುಟ್ಟು ಅಲ್ಲೇ ಇದೆ. ಆ ಡಿಸ್ಕನ್ನೇ ಇಟ್ಟುಕೊಂಡು ಲಿನಕ್ಸ್ ಹಾಕಿದರೆ ಒಂದಿಷ್ಟು ಹಗುರಾಗುತ್ತದೆ, ಚಹಾದ ಬದಲು ಅರ್ಧ ಲೋಟ ಚಹಾ. ಎಸ್‌ಎಸ್‌ಡಿ ಹಾಕಿ ಈಗಿನ ವಿಂಡೋಸ್ 10ನ್ನೇ ಇಟ್ಟುಕೊಂಡರೂ ಒಂದು ನಿಮಿಷದೊಳಗೆ ಕೆಲಸಕ್ಕೆ ಕೂರಬಹುದು.

ಲಿನಕ್ಸ್ ಅಂದರೆ ಕಪ್ಪು ಪರದೆಯ ಮೇಲೆ ಕಮಾಂಡ್ ಹೊಡೆಯುವುದು ಅನ್ನುವ ಭಯವೂ ಬೇಡ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಶುರು ಮಾಡಿದ ಆ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ನಿಮ್ಮ ಆಂಡ್ರಾಯ್ಡ್ ಫೋನಿನ ಹೊಟ್ಟೆಯಲ್ಲೂ ಇದೆ, ಅಲ್ವಾ? ನಿಮ್ಮಂಥವರಿಗೆ ನಾನು ಹೇಳುವುದು ಲಿನಕ್ಸಿನ ಹಲವು ಬಗೆಗಳಲ್ಲಿ ಒಂದಾದ ಲಿನಕ್ಸ್ ಮಿಂಟ್. ಕೆಳಗೆ ಪಟ್ಟಿ, ಎಡ ಮೂಲೆಯಲ್ಲಿ ಮೆನು, ಬಲಗಡೆ ಗಡಿಯಾರ. ವಿಂಡೋಸ್ 7 ಬಳಸಿದವರಿಗೆ ಅರ್ಧ ಗಂಟೆಯಲ್ಲಿ ಕೈ ಹೊಂದುತ್ತದೆ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ, ದುಡ್ಡಿಲ್ಲ. ಬ್ಯಾಂಕು, ಯೂಟ್ಯೂಬ್, ವಿಡಿಯೊ ಕಾಲ್ ಎಲ್ಲ ಬ್ರೌಸರಿನೊಳಗಿನ ಕೆಲಸ. ಕ್ರೋಮ್, ಫೈರ್‌ಫಾಕ್ಸ್ ಎರಡೂ ಇವೆ, ಅಲ್ಲಿ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ತೊಡಕಿರುವುದು ಬ್ರೌಸರಿನಿಂದ ಆಚೆ. ನಿಮ್ಮ ಪತ್ರದಲ್ಲಿ ಅಂಥವು ಮೂರು ಕಂಡವು.

ಪ್ರಿಂಟರಿನ ವಿಷಯದಲ್ಲಿ ನಾನೇ ಒಮ್ಮೆ ಮುಖ ಕೆಡಿಸಿಕೊಂಡಿದ್ದೇನೆ. ಪರಿಚಯದವರ ಜೆರಾಕ್ಸ್ ಅಂಗಡಿಗೆ ಉತ್ಸಾಹದಿಂದ ಲಿನಕ್ಸ್ ಹಾಕಿಕೊಟ್ಟೆ. ಎಲ್ಲ ಚೆನ್ನಾಗಿ ಓಡಿತು. ಅಲ್ಲಿದ್ದ ಪುಟ್ಟ ಲೇಸರ್ ಪ್ರಿಂಟರ್ ಮಾತ್ರ ಜಪ್ಪಯ್ಯ ಅಂದರೂ ಒಂದು ಹಾಳೆ ಕೊಡಲಿಲ್ಲ. ಮಾರನೇ ದಿನ ಸ್ಕಾಲರ್‌ಶಿಪ್ ಅರ್ಜಿಗೆ ಕೊನೇ ದಿನ, ಬೆಳಿಗ್ಗೆಯೇ ಹುಡುಗರ ಸಾಲು. ರಾತ್ರಿ ಹನ್ನೆರಡರವರೆಗೆ ಕೂತು ವಿಂಡೋಸ್ ವಾಪಸ್ ಹಾಕಿ ಬಂದೆ. ಆವತ್ತಿನಿಂದ ಯಾರ ಮನೆಗೆ ಹೋದರೂ ಮೊದಲು ಪ್ರಿಂಟರಿನ ಮಾಡೆಲ್ ನಂಬರ್ ಬರೆದುಕೊಳ್ಳುತ್ತೇನೆ. ಎಚ್‌ಪಿಯ ಬಹುಪಾಲು ಪ್ರಿಂಟರುಗಳು ಲಿನಕ್ಸ್‌ನಲ್ಲಿ ತಕರಾರಿಲ್ಲದೆ ನಡೆಯುತ್ತವೆ. ವೈಫೈ ಇರುವ ಹೊಸ ಪ್ರಿಂಟರುಗಳಿಗೂ ಹೆಚ್ಚಿನ ಸಲ ಬೇರೆ ಡ್ರೈವರ್ ಬೇಕಾಗುವುದಿಲ್ಲ. ಯುಎಸ್‌ಬಿ ಒಂದೇ ಇರುವ ಹಳೇ ಅಗ್ಗದ ಲೇಸರ್ ಆದರೆ ಪರೀಕ್ಷೆ ಮಾಡದೆ ಮುಂದೆ ಹೋಗಬೇಡಿ.

ಟ್ಯಾಲಿ ಇನ್ನೂ ಗಟ್ಟಿ ಗಂಟು. ಟ್ಯಾಲಿಪ್ರೈಮ್ ವಿಂಡೋಸ್‌ಗೆ ಮಾತ್ರ ಇದೆ. ಲಿನಕ್ಸ್ ಮೇಲೆ ವಿಂಡೋಸ್ ಪ್ರೋಗ್ರಾಂ ಓಡಿಸುವ ವೈನ್ ಎಂಬ ಉಪಾಯ ಇದೆ, ಆದರೆ ವ್ಯಾಪಾರದ ಲೆಕ್ಕವನ್ನು ಅಂಥದರ ಮೇಲೆ ಬಿಡಲು ನಾನು ಹೇಳುವುದಿಲ್ಲ. ಜಿಎಸ್‌ಟಿ ಪೋರ್ಟಲ್ ಏನೋ ಬ್ರೌಸರಿನಲ್ಲೇ ತೆರೆಯುತ್ತದೆ. ನಿಮ್ಮ ಮಗನದು ಸ್ವಂತ ಹೆಸರಿನ ವ್ಯಾಪಾರವಾದರೆ ರಿಟರ್ನ್‌ಗೆ ಓಟಿಪಿ ಸಾಕು. ಕಂಪನಿ ಅಥವಾ ಎಲ್‌ಎಲ್‌ಪಿ ಆಗಿದ್ದರೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬೇಕಾಗುತ್ತದೆ, ಆಗ ವಿಂಡೋಸ್ ಬಿಡುವ ಯೋಚನೆಯೇ ಬೇಡ.

ಇನ್ನು ನಿಮ್ಮ ಮುಖ್ಯ ಚಿಂತೆ, ನುಡಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹದಿನೈದು ವರ್ಷದ ಹಿಂದೆ ನುಡಿಯಲ್ಲಿ ಟೈಪ್ ಮಾಡಿದ 'ಕನ್ನಡ' ಅನ್ನುವ ಪದವನ್ನು ಕಂಪ್ಯೂಟರ್ ಕನ್ನಡ ಎಂದು ಇಟ್ಟುಕೊಂಡಿರುವುದಿಲ್ಲ. ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಗೀಟಿನ ಎ, ಹೀಗೆ ಏಳು ಚಿಹ್ನೆಗಳ ಸಾಲಾಗಿ ಇಟ್ಟುಕೊಂಡಿರುತ್ತದೆ. ಆ ಚಿಹ್ನೆಗಳಿಗೆ ಕನ್ನಡದ ಮುಖವಾಡ ಹಾಕುವುದು ನುಡಿ ಫಾಂಟ್. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಮುಖವಾಡ ಕಳಚಿ ಬೀಳುತ್ತದೆ. ಯಾರಿಗೋ ಕಳಿಸಿದ ಫೈಲು "ಏನೋ ಗಜಿಬಿಜಿ ಬಂದಿದೆ" ಎಂದು ವಾಪಸ್ ಬಂದ ಅನುಭವ ನಿಮಗೂ ಆಗಿರಬೇಕು. ಅಂದರೆ ಇದು ಲಿನಕ್ಸಿನ ತೊಂದರೆಯಲ್ಲ. ಹೊಸ ವಿಂಡೋಸ್ 11 ಲ್ಯಾಪ್‌ಟಾಪ್ ತಂದರೂ ನುಡಿ ಫಾಂಟ್ ಹಾಕುವ ತನಕ ಇದೇ ಗತಿ.

ಆ ನುಡಿ ಫಾಂಟಿನ ಫೈಲುಗಳನ್ನು ಲಿನಕ್ಸಿಗೂ ಹಾಕಿಕೊಳ್ಳಬಹುದು. ಹಾಕಿದರೆ ಅಲ್ಲಿ ವರ್ಡ್ ಬದಲು ಬಳಸುವ ಲಿಬ್ರೆಆಫೀಸ್‌ನಲ್ಲಿ ಹಳೇ ಬರಹ ಓದಲು ಬರುತ್ತದೆ. ಆದರೆ ನುಡಿ ತಂತ್ರಾಂಶ ವಿಂಡೋಸ್‌ಗೆ ಬರೆದದ್ದು, ಅದರಲ್ಲಿ ಟೈಪ್ ಮಾಡುವಂತೆ ಅಲ್ಲಿ ಟೈಪ್ ಮಾಡಲು ಆಗುವುದಿಲ್ಲ. ಹೊಸದಾಗಿ ಬರೆಯುವುದನ್ನು ಯೂನಿಕೋಡ್‌ನಲ್ಲೇ ಬರೆಯಿರಿ, ಅದರಲ್ಲಿ ಕನ್ನಡ ಅಕ್ಷರವನ್ನು ಕನ್ನಡ ಅಕ್ಷರವಾಗಿಯೇ ಇಟ್ಟುಕೊಳ್ಳುತ್ತದೆ. ಇಲ್ಲೊಂದು ಖುಷಿಯ ಸಂಗತಿ ಇದೆ. ನುಡಿಯ ಕೀಲಿಮಣೆ ವಿನ್ಯಾಸವಾದ ಕಗಪ ಲಿನಕ್ಸ್ ಜೊತೆಗೇ ಬರುತ್ತದೆ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಇಂಡಿಯಾ ಅಡಿಯಲ್ಲಿ 'ಕನ್ನಡ, ಕಗಪ ಫೊನೆಟಿಕ್' ಆರಿಸಿಕೊಂಡರೆ ಆಯಿತು. ಒತ್ತಕ್ಷರಕ್ಕೆ ಎಫ್ ಒತ್ತುವ ನಿಮ್ಮ ಬೆರಳಿನ ರೂಢಿ ಹಾಗೇ ಉಳಿಯುತ್ತದೆ. ಬೇಜಾರೆಂದರೆ ವಿಂಡೋಸ್ ಜೊತೆ ಬರುವ ಕನ್ನಡ ಕೀಬೋರ್ಡುಗಳಲ್ಲಿ ಕಗಪ ಇಲ್ಲ. ಅಲ್ಲಿ ಇನ್‌ಸ್ಕ್ರಿಪ್ಟ್ ಎಂಬ ಬೇರೆ ವಿನ್ಯಾಸ ಇದೆ, 2019ರಿಂದ ಇಂಗ್ಲಿಷ್ ಉಚ್ಚಾರದ ಮೇಲೆ ನಡೆಯುವ ಇನ್ನೊಂದು ಇದೆ, ಕಗಪ ಬೇಕೆಂದರೆ ನುಡಿಯಂಥ ಬೇರೆ ತಂತ್ರಾಂಶ ಹಾಕಿಕೊಳ್ಳಬೇಕು. ಈ ಒಂದು ವಿಷಯದಲ್ಲಿ ಲಿನಕ್ಸ್ ನಮಗೆ ಹೆಚ್ಚು ಹತ್ತಿರದ್ದು.

ಅಕ್ಷರ ಕಾಣುವ ವಿಷಯದಲ್ಲಿ ಎರಡೂ ಸರಿ. ವಿಂಡೋಸ್‌ನಲ್ಲಿ ತುಂಗಾ, ನಿರ್ಮಲಾ. ಲಿನಕ್ಸ್‌ನಲ್ಲಿ ಲೋಹಿತ್, ನೋಟೋ, ಗುಬ್ಬಿ, ನವಿಲು. ಆದರೆ ತುಂಗಾದಲ್ಲಿ ಮಾಡಿದ ನಾಲ್ಕು ಪುಟದ ಲೇಖನ ಅಲ್ಲಿ ತೆರೆದರೆ ನಾಲ್ಕೂವರೆ ಪುಟ ಆಗಬಹುದು. ಫಾಂಟಿನ ಅಳತೆ ಬೇರೆ ಅಷ್ಟೆ. ಪ್ರೆಸ್ಸಿಗೆ ಕೊಡುವಾಗ ಪಿಡಿಎಫ್ ಮಾಡಿ ಕೊಡಿ.

ಹಾಗಾದರೆ ನಾನು ನಿಮ್ಮ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ?

ಒಂದು ಎಸ್‌ಎಸ್‌ಡಿ ತರಿಸುತ್ತಿದ್ದೆ. ನಿಮ್ಮ ಬಳಕೆಗೆ 256 ಜಿಬಿ ಧಾರಾಳ. ಜೊತೆಗೆ 4 ಜಿಬಿ ರ್‍ಯಾಮ್ ಸೇರಿಸಿ 8 ಮಾಡುತ್ತಿದ್ದೆ. ರ್‍ಯಾಮ್ ತರುವ ಮೊದಲು ಡಿಡಿಆರ್3ಎಲ್ ಬೇಕೋ ಡಿಡಿಆರ್4 ಬೇಕೋ, ಒಳಗೆ ಖಾಲಿ ಜಾಗ ಇದೆಯೋ ಎಂದು ಬಿಚ್ಚಿಸಿ ನೋಡಬೇಕು. ಇತ್ತೀಚೆಗೆ ಇವುಗಳ ಬೆಲೆ ಏರಿದೆ, ಆದರೂ ಹೊಸ ಲ್ಯಾಪ್‌ಟಾಪಿನ ಮುಂದೆ ಏನೂ ಅಲ್ಲ.

ಹಳೇ ಹಾರ್ಡ್ ಡಿಸ್ಕನ್ನು ಅಳಿಸುತ್ತಿರಲಿಲ್ಲ. ಇದೇ ಈ ದಾರಿಯ ದೊಡ್ಡ ಅನುಕೂಲ. ಅದನ್ನು ಬಿಚ್ಚಿ, ತಾರೀಖು ಬರೆದ ಚೀಟಿ ಅಂಟಿಸಿ, ಬೀರುವಿನಲ್ಲಿ ಇಡುತ್ತಿದ್ದೆ. ಹೊಸ ಎಸ್‌ಎಸ್‌ಡಿಗೆ ಮಿಂಟ್. ತಿಂಗಳು ಬಳಸಿಯೂ ಒಗ್ಗದಿದ್ದರೆ ನಾಲ್ಕು ಸ್ಕ್ರೂ ಬಿಚ್ಚಿ ಹಳೇ ಡಿಸ್ಕ್ ಹಾಕಿದರೆ ನಿಮ್ಮ ವಿಂಡೋಸ್, ನುಡಿ, ಟ್ಯಾಲಿ ಎಲ್ಲ ಬಿಟ್ಟಲ್ಲೇ ಇರುತ್ತವೆ. ಹಳೇ ಡಿಸ್ಕಿಗೆ ಒಂದು ಯುಎಸ್‌ಬಿ ಕೇಸ್ ತಂದುಕೊಂಡರೆ ಬೇಕಾದ ಫೈಲನ್ನು ಅದರಿಂದ ಹೊಸದಕ್ಕೆ ನಕಲು ಮಾಡಿಕೊಳ್ಳಬಹುದು. ಡಿಸ್ಕಿಗೆ ಎನ್‌ಕ್ರಿಪ್ಷನ್, ಅಂದರೆ ಕೀಲಿಯಿಲ್ಲದೆ ಓದಲಾಗದ ಬೀಗ, ಆನ್ ಆಗಿದ್ದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಬಿಚ್ಚುವ ಮೊದಲೇ ಸೆಟ್ಟಿಂಗ್ಸ್‌ನಲ್ಲಿ ನೋಡಿ, ಇದ್ದರೆ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಆದರೆ ದುಡ್ಡು ಖರ್ಚು ಮಾಡುವ ಮೊದಲು ಪೆನ್‌ಡ್ರೈವ್ ಪರೀಕ್ಷೆ ಆಗಬೇಕು. ತಮ್ಮನ ಮಗ ಮುಂದಿನ ಸಲ ಊರಿಗೆ ಬರುವಾಗ 8 ಜಿಬಿ ಪೆನ್‌ಡ್ರೈವ್‌ನಲ್ಲಿ ಮಿಂಟ್ ತರಲಿ. ಇಷ್ಟು ಉಪದೇಶ ಮಾಡಿದವನಿಗೆ ಅಷ್ಟು ಕೆಲಸ ಹಚ್ಚಬಹುದು. ಡಿಸ್ಕ್ ಮುಟ್ಟದೆಯೇ ಪೆನ್‌ಡ್ರೈವ್‌ನಿಂದ ಅದು ಓಡುತ್ತದೆ, ನಿಧಾನವಾಗಿ. ವೈಫೈ ಸಿಗುತ್ತದೆಯೇ, ಮಗಳಿಗೆ ಕಾಲ್ ಮಾಡಿದರೆ ಕ್ಯಾಮೆರಾ, ಮೈಕ್ ಸರಿಯಿವೆಯೇ, ಮುಚ್ಚಳ ಮುಚ್ಚಿ ತೆರೆದರೆ ಏಳುತ್ತದೆಯೇ, ಪ್ರಿಂಟರ್ ಒಂದು ಹಾಳೆ ಕೊಡುತ್ತದೆಯೇ, ಎಲ್ಲ ನೋಡಿ. ಡೆಸ್ಕ್‌ಟಾಪಿನ ಮೇಲೆ 'ಇನ್‌ಸ್ಟಾಲ್' ಅನ್ನುವ ಚಿತ್ರ ಇರುತ್ತದೆ. ಆವತ್ತು ಅದನ್ನು ಮಾತ್ರ ಒತ್ತಬೇಡಿ. ಮುಂದೆ ಹೋಗುತ್ತಾ 'ಡಿಸ್ಕ್ ಅಳಿಸಿ ಹಾಕು' ಎಂಬ ಆಯ್ಕೆ ಬರುತ್ತದೆ, ಅದು ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತದೆ.

ಎರಡನ್ನೂ ಒಂದೇ ಡಿಸ್ಕಿನಲ್ಲಿ ಇಟ್ಟು, ಆನ್ ಮಾಡುವಾಗ ಬೇಕಾದ್ದು ಆರಿಸಿಕೊಳ್ಳುವ ಡ್ಯುಯಲ್ ಬೂಟ್ ಬಗ್ಗೆಯೂ ನಿಮ್ಮ ಹುಡುಗ ಹೇಳಬಹುದು. ಮಗನ ಟ್ಯಾಲಿಗೆ ಬೇರೆ ಕಂಪ್ಯೂಟರ್ ಇಲ್ಲವೇ ಇಲ್ಲ ಅಂದರೆ ಅದೊಂದು ದಾರಿ ಹೌದು. ನನಗೆ ಅಷ್ಟು ಇಷ್ಟವಿಲ್ಲ. ಸಣ್ಣ ಸಣ್ಣ ಕಿರಿಕಿರಿ ಜಾಸ್ತಿ. ಒಂದು ಉದಾಹರಣೆ ಕೊಡುತ್ತೇನೆ. ಲಿನಕ್ಸ್ ಬಳಸಿ ಆಮೇಲೆ ವಿಂಡೋಸಿಗೆ ಹೋದರೆ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ ಇರುತ್ತದೆ. ಯಂತ್ರದೊಳಗಿನ ಗಡಿಯಾರದಲ್ಲಿ ಲಿನಕ್ಸ್ ಗ್ರೀನಿಚ್ ಕಡೆಯ ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನೇ ಶಿರಸಿಯ ಸಮಯ ಎಂದು ಓದುತ್ತದೆ. ಸರಿಪಡಿಸಲು ಒಂದೇ ಸಾಲಿನ ಕಮಾಂಡ್ ಸಾಕು. ಗೊತ್ತಿಲ್ಲದಿದ್ದರೆ, ಮಧ್ಯರಾತ್ರಿ ದಾಟಿದ ಮೇಲೆ ಲೆಕ್ಕಕ್ಕೆ ಕೂತಾಗ ಬಿಲ್ಲಿನ ತಾರೀಖೇ ಹಿಂದಿನ ದಿನಕ್ಕೆ ಹೋಗಿ ಮಗ ತಲೆ ಕೆಡಿಸಿಕೊಳ್ಳುತ್ತಾನೆ.

ಮಗನ ವ್ಯಾಪಾರ ಇದೇ ಯಂತ್ರದ ಮೇಲೆ ನಿಂತಿದ್ದರೆ ಪೂರ್ತಿ ಬೇರೆ ಲೆಕ್ಕ. ಆಗ ಎಸ್‌ಎಸ್‌ಡಿ ಹಾಕಿಸಿ, ಹೆಚ್ಚುವರಿ ಅಪ್‌ಡೇಟಿನ ಅವಧಿ ಮುಗಿಯುವ ತನಕ ವಿಂಡೋಸ್ 10ರಲ್ಲೇ ಇರಿ. ಅಷ್ಟರಲ್ಲಿ ಅವನು ವ್ಯಾಪಾರದ ಖರ್ಚಿನಲ್ಲೇ ವಿಂಡೋಸ್ 11 ಇರುವ ಯಂತ್ರ ತೆಗೆದುಕೊಳ್ಳಲಿ. ನಿಮ್ಮ ಲ್ಯಾಪ್‌ಟಾಪಿಗೆ ಮಿಂಟ್ ಆಮೇಲೆ ಹಾಕಿಸಿದರಾಯಿತು. ಹದಿನೈದು ವರ್ಷದ ಬರಹ ಮತ್ತು ಅಡಿಕೆಯ ಲೆಕ್ಕ ಒಂದೇ ಡಿಸ್ಕಿನ ಮೇಲೆ ಇರುವುದೇ ನನಗೆ ಸರಿ ಕಾಣಲಿಲ್ಲ.

ಯಾವ ದಾರಿ ಹಿಡಿದರೂ ಒಂದು ಕೆಲಸ ಈ ವಾರವೇ ಶುರು ಮಾಡಿ. ನುಡಿ ಫೈಲುಗಳನ್ನೆಲ್ಲ ಒಂದು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡು, ಆ ನಕಲಿನಿಂದ ಒಂದೊಂದನ್ನೇ ಯೂನಿಕೋಡಿಗೆ ಪರಿವರ್ತಿಸಿ. ಪರಿವರ್ತಕ ನುಡಿಯ ಜೊತೆಗೇ ಇದೆ, ಹಾಗಾಗಿ ಈಗಿನ ವಿಂಡೋಸ್ ಇರುವಾಗಲೇ ಇದು ಸಲೀಸು. ಮೂಲ ಫೈಲು ಅಳಿಸಬೇಡಿ. ಪರಿವರ್ತನೆ ಆದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ. ಹಳೇ ಪದ್ಧತಿಯಲ್ಲಿ ಅರ್ಕಾವತ್ತಿನ ಗುರುತು ಅಕ್ಷರದ ನಂತರ ಕೂರುತ್ತಿತ್ತು, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಕಾರ್ಯಕ್ರಮ, ಮಾರ್ಗದರ್ಶನ ಇಂಥ ಪದಗಳು ಕೆಲವೊಮ್ಮೆ ಅಲ್ಲೇ ಎಡವುತ್ತವೆ. ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡದ ಅಕ್ಷರವಾಗಿ ತಿರುಗಿ ಅರ್ಥವಿಲ್ಲದ್ದು ಏನೋ ಆಗಿರುತ್ತದೆ. ಉತ್ತರಪತ್ರಿಕೆ ತಿದ್ದಿದ ಕಣ್ಣು ನಿಮ್ಮದು, ಎರಡು ಪುಟ ನೋಡುವಷ್ಟರಲ್ಲಿ ಎಲ್ಲೆಲ್ಲಿ ತಪ್ಪುತ್ತದೆ ಅನ್ನುವುದು ಸಿಕ್ಕಿಬಿಡುತ್ತದೆ.